ಕನ್ನಡಿ ಹಿಡಿದ ದೇವಿ

ಗ್ರೀಕ್, ರೋಮನ್ ಕಲೆಯಲ್ಲಿ ಪುರಾಣದವರು ಎಲ್ಲೆಲ್ಲಿ ಮೂಡಿದ್ದಾರೋ ಅಷ್ಟನ್ನೂ ಒಂದೆಡೆ ಕೂರಿಸುವ ಕೋಶಕ್ಕೆ ಸಂಪಾದಕರು ಮೂವತ್ತು ವರ್ಷ ಜೀವ ತೇದಿದ್ದರು. ಅದರಲ್ಲಿ ಪ್ರತಿ ದೇವತೆಯ ಕೊನೆಗೂ ‘ತಪ್ಪು ಗುರುತು’ ಎಂಬ ಸಣ್ಣಕ್ಷರದ ಪಟ್ಟಿಯಿತ್ತು: ಯಾವ ಚಿತ್ರವನ್ನು ಯಾರು ತಪ್ಪಾಗಿ ಗುರುತಿಸಿದ್ದರು, ಯಾರು ತಿದ್ದಿದರು. ಇತರ ಪಂಡಿತರನ್ನು ಅಲ್ಲಿಗೆ ತಳ್ಳುವಾಗ ಇವರ ಮುಖ ಮೊರದಗಲ. ಬಂಗಾರದಂಥ ಮನುಷ್ಯ, ಆದರೆ ಇದೊಂದು ಚಟ.

ಕೊನೆಯ ಸಂಪುಟ ಮರುದಿನ ಅಚ್ಚಿಗೆ ಹೋಗಬೇಕಿತ್ತು. ಎಂದಿನಂತೆ ಊಟದ ಮೇಜಿನ ಮೇಲೆ ಹೆಂಡತಿ ಕರಡು ಓದುತ್ತಿದ್ದರು, ಇವರು ಚಿತ್ರದೊಂದಿಗೆ ತಾಳೆ ನೋಡುತ್ತಿದ್ದರು. ಒಂದು ಹೂಜಿಯನ್ನು ಸಂಗ್ರಹಾಲಯದವರು ತೊಳೆದು ಹೊಸ ಫೋಟೊ ಕಳಿಸಿದ್ದರು. ಅದರ ಮೇಲೆ ಕನ್ನಡಿ ಹಿಡಿದ ಸೌಂದರ್ಯದೇವಿ ಅಫ್ರೊಡೈಟಿ. ಅವಳನ್ನು ಗುರುತಿಸಿಯೇ ಇವರಿಗೆ ಈ ಕೆಲಸ ಸಿಕ್ಕಿದ್ದು.

ಹೆಂಡತಿ ಬಗ್ಗಿ ನೋಡಿದರು. “ರೀ, ಇದು ಕನ್ನಡಿ ಅಲ್ಲ.”

“ಮೂವತ್ತು ವರ್ಷದಿಂದ ಕನ್ನಡೀನೇ ಅದು.”

“ಕನ್ನಡಿಯಿಂದ ಎಳೆ ಇಳಿಯುತ್ತಾ? ಕೋಲಿಗೆ ಉಣ್ಣೆ ಸುತ್ತಿದಾಳೆ, ಕೆಳಗೆ ಕದಿರು ತಿರುಗ್ತಿದೆ. ನಮ್ಮಜ್ಜಿ ಹೀಗೇ ನಿಂತು ನೂಲ್ತಿದ್ರು.”

ಹೌದು, ಕೂದಲಿನಷ್ಟು ಸಣ್ಣ ಎಳೆ. ಸಂಪಾದಕರು ಫೋಟೊ ಬೋರಲಾಗಿಟ್ಟರು.

“ಊಟಕ್ಕೆ ಬಡಿಸು,” ಎಂದರು. ಗಂಟೆ ಇನ್ನೂ ಬೆಳಗಿನ ಹತ್ತೂವರೆ.

“ಬಡಿಸ್ತೀನಿ. ಇದೇನು ಮಾಡ್ತೀರಿ?”

“ಇರಲಿ ಬಿಡು. ಯಾರು ನೋಡ್ತಾರೆ?”

“ಯಾರೂ ನೋಡಲ್ಲ,” ಎಂದು ಹೆಂಡತಿ ಹಾಳೆ ಮಗುಚಿದರು.

ಹೆಂಡತಿ ಜಗಳವಾಡಿದ್ದರೆ ಸಂಪಾದಕರು ಗೆದ್ದುಬಿಡುತ್ತಿದ್ದರೇನೋ, ಅವರು ಒಪ್ಪಿಕೊಂಡದ್ದೇ ಚುರುಕ್ಕೆಂದಿತು. ಕೋಣೆಯಲ್ಲಿ ನಾಲ್ಕು ಸುತ್ತು ಹಾಕಿ ಬಂದರು, ಹಾಳೆ ಹಿಂದಕ್ಕೆ ಮಗುಚಿ, ದೇವಿಯನ್ನು ಹೊಡೆದುಹಾಕಿ, ಸಣ್ಣಕ್ಷರದ ಪಟ್ಟಿಯಲ್ಲಿ ಬರೆದರು: ‘ದೇವಿಯಲ್ಲ, ನೂಲುತ್ತಿರುವ ಗೃಹಿಣಿ. ತಪ್ಪಾಗಿ ಗುರುತಿಸಿದವರು’ ಎಂದು ತಮ್ಮ ಹೆಸರು. ‘ತಿದ್ದಿದವರು’ ಎಂಬಲ್ಲಿ ಪೆನ್ನು ನಿಂತಿತು. ಎಂಟು ಸಂಪುಟಗಳಲ್ಲಿ ಫೋಟೊದವನಿಗೆ, ರಟ್ಟು ಕಟ್ಟುವವನಿಗೆ, ಸಂಗ್ರಹಾಲಯದ ಕಾವಲುಗಾರನಿಗೂ ಕೃತಜ್ಞತೆ ಹೇಳಿದ್ದರು. ಪ್ರತಿ ಸಾಲನ್ನೂ ಓದಿದ ಇವಳ ಹೆಸರು ಎಲ್ಲೂ ಇರಲಿಲ್ಲ. ಅವರಿಗೆ ನಿಜವಾಗಿ ನಾಚಿಕೆಯಾಯಿತು. ಹೆಸರನ್ನು ಪೂರ್ತಿಯಾಗಿ ಬರೆದು ಹಾಳೆಯನ್ನು ಮುಂದೆ ಸರಿಸಿದರು.

ಹೆಂಡತಿ ಎರಡು ಸಲ ಓದಿದರು.

“ಪಂಡಿತರೆಲ್ಲ ನಗ್ತಾರೆ ಇನ್ನು,” ಎಂದರು ಸಂಪಾದಕರು.

“ನಗಲಿ ಬಿಡಿ. ಮದುವೆ ಕಾಗದ ಆದ್ಮೇಲೆ ನಮ್ಮಿಬ್ಬರ ಹೆಸರು ಒಟ್ಟಿಗೆ ಅಚ್ಚಾಗ್ತಿರೋದು ಇದೇ ಮೊದಲು.”