ಕದಿರಯ್ಯನ ಅರವತ್ತು ಸೆಕೆಂಡು

ಶಿರಾದ ಕಣ್ಣಾಸ್ಪತ್ರೆಯ ಹಿಂದಿನ ಕೋಣೆಯಲ್ಲಿರುವ ಕಂಪ್ಯೂಟರನ್ನು ಹಳೆಯದು ಎಂದರೆ ಸಾಲದು. ಅದರೊಳಗಿನ ವಿಂಡೋಸ್ ಯಾವುದೆಂದು ಹೇಳಿದರೆ ಈಗಿನವರು ನಗುತ್ತಾರೆ. ನಗಲಿ. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ, ನಾಲ್ಕೂ ಊರಿನ ಪೊರೆ ಬಂದ ಕಣ್ಣುಗಳಿಗೆ ಆಪರೇಷನ್ ದಿನ ಗೊತ್ತು ಮಾಡುವುದು ಇವತ್ತಿಗೂ ಆ ಡಬ್ಬಿಯೇ. ಅದನ್ನು ನೋಡಿಕೊಳ್ಳುವವಳು ಕುಲ್ಸುಮ್. ಕೆಟ್ಟಾಗ ಹೊಸದು ತರೋಣ ಎಂದು ಟ್ರಸ್ಟಿನವರು ಹದಿನೆಂಟು ವರ್ಷದಿಂದ ಹೇಳುತ್ತಿದ್ದಾರೆ. ಕೆಡದಂತೆ ನೋಡಿಕೊಂಡಿದ್ದೇ ಅವಳು ಮಾಡಿದ ತಪ್ಪು.

ಅದರೊಳಗಿನ ಸರ್ವರ್ ಮಹಾ ಹಟಮಾರಿ. ರೋಗಿಗೆ ಹಾಸಿಗೆ, ಕಣ್ಣಿಗೆ ಲೆನ್ಸು, ವ್ಯಾನಿನಲ್ಲಿ ಸೀಟು ಮೂರೂ ಒಟ್ಟಿಗೆ ಸಿಕ್ಕಿದರೆ ಬರೆದುಕೊಳ್ಳುತ್ತದೆ. ಒಂದು ತಪ್ಪಿದರೂ ಮೂರನ್ನೂ ಅಳಿಸಿಹಾಕುತ್ತದೆ. ಒಂದು ಊರಿನವರು ಬರೆಯುವಾಗ ಉಳಿದ ಮೂರು ಊರು ಸುಮ್ಮನೆ ಕಾಯಬೇಕು. ಅದಕ್ಕೇ ಗಡುವು ಅರವತ್ತು ಸೆಕೆಂಡು. ಅಷ್ಟರೊಳಗೆ ಮುಗಿಯದಿದ್ದರೆ ಆಗಲೂ ಅಳಿಸುವುದೇ. ಕುಲ್ಸುಮಳ ಪರದೆಯ ಮೇಲೆ ಊರಿಗೊಂದು ಪುಟ್ಟ ಗುಂಡು ಇದೆ. ಯಾರು ಬರೆಯುತ್ತಿದ್ದಾರೋ ಅವರ ಗುಂಡು ತಿರುಗುತ್ತದೆ.

ಪಾವಗಡದ ಗುಂಡು ಕದಿರಯ್ಯನದು. ಅಲ್ಲಿನ ಕೇಂದ್ರದಲ್ಲಿ ಮೊದಲಿನಿಂದಲೂ ಆತನೇ ಆಪರೇಟರ್. ಕುಲ್ಸುಮ್ ಮುಖ ನೋಡಿದ್ದು ಎರಡೇ ಸಲ, ಫೋನಿನಲ್ಲಿ ಮಾತಾಡಿದ್ದಕ್ಕೆ ಲೆಕ್ಕವಿಲ್ಲ. ಹೋದ ವರ್ಷ ಆತನಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು. ಮೂರು ತಿಂಗಳ ಮೇಲೆ ಎಡಗೈಯ ಒಂದೇ ಬೆರಳು ನಂಬಿಕೊಂಡು ಕೆಲಸಕ್ಕೆ ಬಂದ. ಮೊದಲ ದಿನವೇ ಒಬ್ಬ ಅಜ್ಜಿಯ ಹೆಸರನ್ನು ಸರ್ವರ್ ನಾಲ್ಕು ಸಲ ಅಳಿಸಿತು. ಫೋನ್ ಮಾಡಿ, ತನ್ನ ಕೆಲಸ ಮುಗಿಯಿತು, ಆದರೆ ಮನೆಯಲ್ಲಿ ಕೂತರೆ ಕೈ ಹೋದ ದಾರಿಯಲ್ಲೇ ಮನಸ್ಸೂ ಹೋಗುತ್ತದೆ ಎಂದ. ಕುಲ್ಸುಮ್ ಇನ್ನೊಮ್ಮೆ ನೋಡಿ ಎಂದಷ್ಟೇ ಹೇಳಿ, ಅರವತ್ತು ಇದ್ದ ಕಡೆ ಇನ್ನೂರನಲವತ್ತು ಒತ್ತಿದಳು. ಯಾರಿಗೂ ಹೇಳಲಿಲ್ಲ. ಅಜ್ಜಿಯ ಹೆಸರು ನಿಂತಿತು. ಕೈ ಪಳಗುತ್ತಿದೆ ಎಂದು ಆತ ಹಿಗ್ಗಿದ, ಇವಳೂ ಹೌದಣ್ಣ ಎಂದಳು.

ಆರು ತಿಂಗಳು ನಡೆಯಿತು. ಈಗ ಮಧುಗಿರಿಯ ಅನುಷಾ ತಿರುಗಿಬಿದ್ದಿದ್ದಾಳೆ. ಅವಳ ಕೇಂದ್ರದಲ್ಲಿ ಬೆಳಿಗ್ಗೆಯಿಂದ ಸಾಲು ನಿಂತಿರುತ್ತದೆ, ಪರದೆ ಎರಡೆರಡು ನಿಮಿಷ ಕಲ್ಲಾಗಿ ಕೂರುತ್ತದೆ. ನಾಳೆಯೊಳಗೆ ಸರಿಯಾಗದಿದ್ದರೆ ದೊಡ್ಡ ಡಾಕ್ಟರಿಗೆ ಬರೆದುಕೊಡುತ್ತಾಳಂತೆ. ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ಗಡುವು ಮಾತ್ರ ಇಡೀ ಯಂತ್ರಕ್ಕೆ ಒಂದೇ; ಪಾವಗಡಕ್ಕೊಂದು, ಮಧುಗಿರಿಗೊಂದು ಇಡಲು ಬರುವುದಿಲ್ಲ. ಮತ್ತೆ ಅರವತ್ತಕ್ಕೆ ಇಳಿಸಿದರೆ ಕದಿರಯ್ಯ ಮನೆಗೆ ಹೋಗುತ್ತಾನೆ. ಇಳಿಸುವ ಮುಂಚೆ ಹೇಳಲೇಬೇಕೆಂದು ಕುಲ್ಸುಮ್ ಫೋನ್ ತೆಗೆದಳು.

"ಮಾಫ್ ಮಾಡಿ ಅಣ್ಣಾ. ನಿಮ್ಮ ಕೈ ಪಳಗಿದ್ದಲ್ಲ. ನಾನೇ ಟೈಮು ಜಾಸ್ತಿ ಇಟ್ಟಿದ್ದೆ."



"ಗೊತ್ತೈತೆ ಕಣಮ್ಮ," ಎಂದ ಕದಿರಯ್ಯ. "ಎದುರ್ಗೇ ಗಡಿಯಾರ ಐತೆ. ಮೊದಲ್ನೇ ದಿನ ಐದ್ನೇ ಸಲಕ್ಕೆ ಮೂರು ನಿಮಿಷ ಆದ್ರೂ ಅಳಿಸ್ಲಿಲ್ಲ. ಆ ಡಬ್ಬಿಗೆ ಅಷ್ಟು ಕರುಣೆ ಎಲ್ಲಿಂದ ಬಂದಾತು?"

ಹೇಳಿದ್ದರೆ ಅವಳಿಗೆ ಮುಜುಗರವಾಗುತ್ತಿತ್ತು ಎಂದು ಆತ ಕೈ ಪಳಗಿತೆಂದೇ ನಟಿಸಿದ್ದನಂತೆ. ಹಳೆಯ ಕೀಬೋರ್ಡೊಂದನ್ನು ಮನೆಗೆ ಒಯ್ದು ದಿನಾ ಸಂಜೆ ಅಡುಗೆಮನೆಯಲ್ಲಿ ಕೂತು ಹೆಸರು ಒತ್ತುತ್ತಿದ್ದ. ಮೂರು ನಿಮಿಷವನ್ನು ನೂರೈದು ಸೆಕೆಂಡಿಗೆ ಇಳಿಸಿದ್ದ. ಅರವತ್ತಕ್ಕೆ ತಂದು ಆಮೇಲೆ ಹೇಳೋಣ ಎಂದಿದ್ದ.

"ಇನ್ನಷ್ಟು ದಿನ ಬೇಕಾಗಿತ್ತು. ಸರೇಲೇಮ್ಮಾ, ಅರವತ್ತೇ ಹಾಕ್ಬುಡು."

ಕುಲ್ಸುಮಳಿಗೆ ಅಳು ಬಂತು. ಸೆರಗಿನಲ್ಲಿ ಕಣ್ಣೊರೆಸಿಕೊಂಡು ಪರದೆ ನೋಡಿದಳು. ಒಂದೂಕಾಲು ಗಂಟೆ. ನಾಲ್ಕು ಗುಂಡುಗಳೂ ನಿಂತಿದ್ದವು. ಊಟದ ಹೊತ್ತು ಅವು ನಿಲ್ಲುವುದನ್ನು ಅವಳು ಹದಿನೆಂಟು ವರ್ಷ ದಿನಾ ನೋಡಿದ್ದಳು, ಅದರಿಂದ ಏನಾದರೂ ಉಪಯೋಗವಿದೆಯೆಂದು ಒಂದು ದಿನವೂ ಹೊಳೆದಿರಲಿಲ್ಲ.

ಬೆಳಗಿನ ಹೆಸರುಗಳನ್ನೆಲ್ಲ ಚೀಟಿಯಲ್ಲಿ ಬರೆದಿಟ್ಟುಕೊಂಡು, ಒಂದರಿಂದ ಎರಡರೊಳಗೆ ಒತ್ತಲು ಆಗುತ್ತದಾ ಎಂದು ಕೇಳಿದಳು; ಆ ಒಂದು ಗಂಟೆ ಮಾತ್ರ ಗಡುವು ಹೆಚ್ಚಿಸಿ, ಎರಡಕ್ಕೆ ಮತ್ತೆ ಅರವತ್ತು ಮಾಡುತ್ತೇನೆ ಎಂದಳು. ಪಾವಗಡದ ಪಾಲಿನ ಹಾಸಿಗೆ ಹೇಗೂ ಬೇರೆ ಇರುತ್ತದೆ, ಯಾರೂ ಕಸಿಯುವುದಿಲ್ಲ. ಆಗುತ್ತದೆ ಎಂದ. ಅನುಷಾಗೂ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಆ ಹುಡುಗಿ, ಮೊದಲೇ ಹೇಳಬಾರದಿತ್ತಾ ಮೇಡಂ, ನಾವು ಇನ್ನೂ ಹತ್ತು ನಿಮಿಷ ನಿಧಾನಕ್ಕೆ ಊಟ ಮಾಡುತ್ತೇವೆ ಎಂದಳು.

ಮರುದಿನ ಬೆಳಿಗ್ಗೆ ಗಡುವು ಅರವತ್ತಕ್ಕೆ ಇಳಿಯಿತು. ಒಂದು ಗಂಟೆಗೆ ಕುಲ್ಸುಮ್ ಅದನ್ನು ಬದಲಿಸಿ ಪಾವಗಡಕ್ಕೆ ಫೋನ್ ಹಚ್ಚಿದಳು.

"ಎಷ್ಟಕ್ಕೆ ಇಟ್ಟಿದೀಯಮ್ಮ?"

"ಸೊನ್ನೆ."

ಕದಿರಯ್ಯನಿಗೆ ಗಾಬರಿಯಾಯಿತು.

"ಸೊನ್ನೆ ಇಟ್ರೆ ಅದು ಎಣಿಸೋದೇ ಇಲ್ಲಣ್ಣ. ನೀವು ಮುಗಿಸೋವರೆಗೂ ಕಾಯ್ತದೆ."

ಆತ ಫೋನ್ ಇಡದೆ ಮೇಜಿನ ಮೇಲೆ ಮಲಗಿಸಿದ. ಒಂದೊಂದೇ ಅಕ್ಷರ ಒತ್ತುವ ಸದ್ದು ಕೇಳತೊಡಗಿತು. ಪಾವಗಡದ ಗುಂಡು ತಿರುಗಿತು. ಕುಲ್ಸುಮ್ ಊಟದ ಡಬ್ಬಿಯನ್ನು ಮುಂದಿಟ್ಟುಕೊಂಡು, ಮುಚ್ಚಳದ ಮೇಲೆ ಕೈಯಿಟ್ಟು, ಗುಂಡನ್ನೇ ನೋಡುತ್ತ ಕೂತಳು.

ಸದ್ದು ನಿಂತಿತು. "ನೀನು ಉಣ್ಣಮ್ಮ," ಎಂದ ಕದಿರಯ್ಯ ದೂರದಿಂದ. "ನೀನು ಕಾಯ್ತಾ ಕೂತ್ರೆ ನಂಗೆ ಅರ್ಜೆಂಟಾಯ್ತದೆ."

ಆತನಿಗೆ ಕೇಳಲಿ ಎಂದು ಕುಲ್ಸುಮ್ ಡಬ್ಬಿಯ ಮುಚ್ಚಳವನ್ನು ಸ್ವಲ್ಪ ಜೋರಾಗಿಯೇ ತೆಗೆದಳು.