ಓಲ್ಡಣ್ಣಾ

ಕೈ ಮತ್ತೆ ಹೆಗಲಿಗೆ ಹೋಯಿತು, ಟಿಕೆಟ್ ಚೀಲದ ಪಟ್ಟಿ ಅಲ್ಲಿಲ್ಲ, ಈಗಷ್ಟೇ ಒಳಗೆ ಡಿಪೋ ಸಾಹೇಬರ ಮೇಜಿನ ಮೇಲೆ ಬಿಚ್ಚಿಟ್ಟು ಬಂದಿದ್ದೇನೆ, ತೀರ್ಮಾನ ಆಗೋವರೆಗೂ ಕೆಲಸಕ್ಕೆ ಬರೋದು ಬೇಡಮ್ಮ, ಎಷ್ಟು ಮೆತ್ತಗೆ ಹೇಳಿದರು, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ತೆಗೆದರು ನನ್ನನ್ನು, ಎಲ್ಲ ಒಂದು ಮಾತಿಗೆ — ಹೋಲ್ಡ್ ಆನ್ ಅನ್ನಬೇಕಂತೆ, ಯಾವ ಬಸ್ಸಿನಲ್ಲಿ ಯಾರು ಅನ್ನುತ್ತಾರೆ ಹಾಗೆ? ಕೆಲಸ ಕಲಿಸಿದ ಹಳೆಯ ಕಂಡಕ್ಟರು ಓಲ್ಡಾನ್ ಅಂದರು, ನಾನೂ ಅಂದೆ, ಹೊರಡಲು ರೈ ರೈ, ನಿಲ್ಲಲು ಓಲ್ಡಾನ್, ಆಮೇಲೆ ನನ್ನ ಬಸ್ಸಿಗೆ ಈ ಡ್ರೈವರಣ್ಣ ಬಂದರು, ಮೊದಲ ದಿನವೇ ತಂಗೀ ಎಂದರು, ನಾನು ಅಣ್ಣಾ ಎಂದೆ, ಓಲ್ಡಾನ್ ಅಣ್ಣಾ ಎಂದು ಬಿಡಿಸಿ ಹೇಳುವ ಪುರುಸೊತ್ತು ಎಲ್ಲಿದೆ, ಎರಡೂ ಸೇರಿ ಓಲ್ಡಣ್ಣಾ ಆಯಿತು. ಪ್ರಯಾಣಿಕರು ನಗುತ್ತಿದ್ದರು, ಯಾಕಮ್ಮಾ ಓಲ್ಡು ಅಂತೀಯ, ಅಣ್ಣನ ಕೂದಲು ಇನ್ನೂ ಕಪ್ಪಗಿದೆ, ಅಣ್ಣ ಕನ್ನಡಿಯಲ್ಲೇ ಹಲ್ಲುಬಿಟ್ಟು, ಬಣ್ಣ ಕಣ್ರೀ ಅದು, ತಂಗಿಗೆ ಎಲ್ಲಾ ಗೊತ್ತು. ಮತ್ತೆ ಆ ಕಾಲು, ಚಪ್ಪಲಿ ಬಿಟ್ಟು ಬರಿಗಾಲಲ್ಲೇ ಓಡಿಸುತ್ತಿದ್ದರಲ್ಲ, ಹೆಬ್ಬೆರಳಿನ ಉಗುರು ಸೀಳಿದ ಬಲಗಾಲು, ನಾನು ಓ ಎನ್ನುವಷ್ಟರಲ್ಲಿ ಬಿರೇಕಿನ ಮೇಲಿರುತ್ತಿತ್ತು, ಬಾಯಿ ನನ್ನದು, ಕಾಲು ಅವರದು, ನಡುವೆ ಇಂಗ್ಲಿಷು ಎಲ್ಲಿಂದ ಬಂತು? ಟೆಂಪ್ರೇಚರಿ ಏರ್ತಿದೆ ತಂಗೀ ಅಂದಾಗ ಇಂಜಿನ್ನಿಗೆ ನೀರು ತಂದುಕೊಟ್ಟೆ, ಟೆಂಪ್ರೇಚರಿ ಅಂದರೇನು ಎಂದು ಒಂದು ದಿನವಾದರೂ ಕೇಳಿದ್ದೇನಾ ನಾನು.

ಮೊನ್ನೆ ನಿಲ್ದಾಣದಲ್ಲಿ ಬಸ್ಸು ಹಿಂದಕ್ಕೆ ತೆಗೆಯುವಾಗಲೂ ಕೂಗಿದೆ, ಕಸ ಗುಡಿಸುವ ಅಕ್ಕ ಬಗ್ಗಿಕೊಂಡಿದ್ದಾಳೆ, ಬಸ್ಸಿನ ಕಡೆ ಬೆನ್ನು, ಓಲ್ಡಣ್ಣಾ, ಗಂಟಲು ಹರಿಯುವ ಹಾಗೆ ಓಲ್ಡಣ್ಣಾ, ಬಸ್ಸು ಬಂದೇ ಬಂತು, ಅಕ್ಕನ ತೊಡೆಯ ಮೂಳೆ ಮುರಿಯಿತು, ಮುಂದಕ್ಕೆ ಓಡಿ ನೋಡಿದರೆ ಅಣ್ಣನ ಕಿವಿಯಲ್ಲಿ ಫೋನು. ಫೋನಿನ ಮಾತು ಎತ್ತಬೇಡ ತಂಗೀ, ಕೆಲಸ ಹೋಗುತ್ತೆ, ಬಿರೇಕು ಹಿಡೀಲಿಲ್ಲ ಅನ್ನೋಣ, ಇಬ್ಬರೂ ಒಂದೇ ಮಾತು ಹೇಳೋಣ. ಹೊಟ್ಟೆಗೆ ಹಾಕಿಕೊಂಡೆ. ಆಸ್ಪತ್ರೆಯಲ್ಲಿ ಆ ಅಕ್ಕನ ಮುಖ ನೋಡಲಾಗದಿದ್ದರೂ ಹಾಕಿಕೊಂಡೆ, ಅಣ್ಣನಲ್ಲವೇ. ಇವತ್ತು ಸಾಹೇಬರ ಮುಂದೆ ನನಗಿಂತ ಮೊದಲು ಬಾಯಿ ತೆರೆದರು, ಬಿರೇಕಿನ ಸುದ್ದಿಯೇ ಇಲ್ಲ, ಇವಳು ಹೋಗಣ್ಣಾ ಅಂದ ಹಾಗೆ ಕೇಳಿಸ್ತು ಸಾರ್, ಅದಕ್ಕೇ ಬಿಟ್ಟೆ, ಇವಳ ಇಂಗ್ಲಿಷು ಮೊದಲಿಂದ್ಲೂ ಅರ್ಥ ಆಗಲ್ಲ ಸಾರ್. ಇವಳು! ತಂಗಿ ಎನ್ನಲು ನಾಲಿಗೆ ಹೊರಳಲಿಲ್ಲ. ನಾನು ಅವರ ಮುಖ ನೋಡಲಿಲ್ಲ, ಮೇಜಿನ ಕೆಳಗೆ ಆ ಕಾಲನ್ನೇ ನೋಡುತ್ತಿದ್ದೆ, ಹೆಬ್ಬೆರಳು ಚಪ್ಪಲಿಯನ್ನು ಒತ್ತಿ ಒತ್ತಿ ಬಿಡುತ್ತಿತ್ತು. ಎಲ್ಲಿ, ಅವತ್ತು ಏನಂದೆ, ಹೇಳಮ್ಮ, ಸಾಹೇಬರು ಕೇಳಿದರು. ಓಲ್ಡಣ್ಣಾ. ಇನ್ನೊಂದ್ಸಲ. ಗುಮಾಸ್ತರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಮತ್ತೆ ಹೇಳಿದಾಗ ನನ್ನ ಕಿವಿಗೇ ಹೋಗಣ್ಣಾ ಎಂದು ಕೇಳಿಸಿಬಿಟ್ಟಿತು, ನನ್ನ ಬಾಯಿಯ ಮೇಲೆ ನನಗೇ ಅನುಮಾನ ಹುಟ್ಟಿಸಿದರಲ್ಲ, ಅದನ್ನು ಹೇಗೆ ಕ್ಷಮಿಸಲಿ. ಫೋನಲ್ಲಿದ್ರು ಸಾರ್ ಎಂದೆ ಕೊನೆಗೆ. ಈಗ ನೆನಪಾಯ್ತೇನಮ್ಮ, ಎಂದರು ಸಾಹೇಬರು. ಜಾಣಕಿವುಡಿಗೆ ಮದ್ದಿಲ್ಲ.

ಸಾಹೇಬರ ಬಾಗಿಲು ತೆರೆಯಿತು, ಆ ಡ್ರೈವರಣ್ಣನೇ, ಹೊರಗೆ ನಾನು ಕೂತ ಬೆಂಚು ದಾಟಿ ಹೋದರು, ನಾನು ಗೋಡೆಯೇನೋ ಎಂಬಂತೆ, ಫೋನು ಆಗಲೇ ಕಿವಿಗೆ, ಬಚಾವಾದೆ ಕಣೇ ಎನ್ನುತ್ತಾ ಮೆಟ್ಟಿಲಿಳಿದು ಅಂಗಳಕ್ಕೆ, ಹೋಗಲಿ, ಹಾಳಾಗಿ ಹೋಗಲಿ — ಅಯ್ಯೋ, ಆ ಬಸ್ಸು, ಹಿಂದಕ್ಕೆ ಬರುತ್ತಿದೆ, ದಾರಿ ತೋರಲು ಕಂಡಕ್ಟರೂ ನಿಂತಿಲ್ಲ ಹಿಂದೆ, ಇವರು ನೋಡದೆ ಅದರ ಬೆನ್ನಿಗೇ ನಡೆಯುತ್ತಿದ್ದಾರೆ, ನಾನು ಕೂಗುವುದಿಲ್ಲ, ಕೂಗಬಾರದು, ಓಲ್ಡಣ್ಣಾ! ಬಸ್ಸು ನಿಂತಿತು. ಅದರ ಡ್ರೈವರು ಯಾರೋ ಏನೋ, ನನ್ನ ಮುಖ ಕಂಡವರೇ ಅಲ್ಲ, ನಿಲ್ಲಿಸಿದರು. ಇವರೂ ನಿಂತರು, ಈ ಸಲ ಹೋಗಣ್ಣಾ ಎಂದು ಕೇಳಿಸಲಿಲ್ಲ. ಕಿವಿಯಲ್ಲಿ ಫೋನಿದ್ದ ಹಾಗೇ ನಿಂತರು. ತಿರುಗುತ್ತಿಲ್ಲ, ತಿರುಗಿದರೆ ನಾನಿದ್ದೇನೆ, ಸಾಹೇಬರ ಕಿಟಕಿಯಲ್ಲಿ ಯಾರೂ ಇಲ್ಲ, ನೋಡಿದ್ದು ನಾನೊಬ್ಬಳೇ, ಓ ಎನ್ನುವಷ್ಟರಲ್ಲಿ ನಿಂತ ಆ ಬಲಗಾಲು, ಇಡಲು ಎತ್ತಿದ್ದು, ಇನ್ನೂ ನೆಲ ಮುಟ್ಟಿಲ್ಲ, ಹೆಬ್ಬೆರಳಿಗೆ ಚಪ್ಪಲಿ ಜೋತಿದೆ, ಆ ಕಾಲು, ನೆಲ ಮುಟ್ಟದೆ, ಆ ಕಾಲು