ಹುಂಜಗಳ ಯಜಮಾನ

ಡ್ರೈವರ ಹೆಂಡತಿಯ ಶವ ಮಲಗಿಸಿದ್ದ ಮಂಚದ ಕೆಳಗೆ ಬಿಳಿ ಹೇಂಟೆ ನುಗ್ಗಿತು. ಅದರ ಬೆನ್ನಿಗೇ ಎರಡು ಎಳೆಯ ಹುಂಜಗಳು. ಮಂಚದಿಂದ ಇಳಿಬಿದ್ದ ಬಟ್ಟೆಯ ಅಂಚು ಅಲ್ಲಾಡಿತು. ಒಳಗಿನಿಂದ ರೆಕ್ಕೆ ಬಡಿತ, ಹೇಂಟೆಯ ಅರಚಾಟ. ಅಳುತ್ತಿದ್ದ ಹೆಂಗಸರು ಅಳು ನಿಲ್ಲಿಸಿ ಕಾಲು ಮೇಲೆಳೆದುಕೊಂಡರು.

"ಡ್ರೈವರಣ್ಣ, ನೀವೊಂದು ಸಲ ಗದರಿಸಿ," ಎಂದ ಬೀದಿ ತುದಿಯ ಕ್ಷೌರದಂಗಡಿಯವನು. "ನಿಮ್ಮ ದನಿ ಕೇಳಿದ್ರೆ ಸಾಕು, ಬಾಲ ಮುದುರ್ಕೊಂಡು ಗೂಡು ಸೇರ್ತಾವೆ ಅಂತಿದ್ರಲ್ಲ."

ಎಲ್ಲರ ಕಣ್ಣೂ ಡ್ರೈವರ ಮೇಲೆ ಬಿತ್ತು. ಆಯುಷ್ಯದ ಮುಕ್ಕಾಲು ಪಾಲು ಬಸ್ಸು ಓಡಿಸಿದವರು, ಗಂಟಲೇನೋ ದೊಡ್ಡದೇ. "ಹೋಯ್" ಎಂದರು. ಹುಂಜಗಳು ಕಿವಿಗೇ ಹಾಕಿಕೊಳ್ಳಲಿಲ್ಲ. ಬಗ್ಗಿ ಕೈ ಚಾಚಿದರೆ ಒಂದು ಮುಂಗೈಗೆ ಕುಕ್ಕಿತು. ಕೊನೆಗೆ ಹೆಂಡತಿಯ ತಂಗಿ ಬಂದು, ನೆಲಕ್ಕೆ ಬಗ್ಗಿ, ಮಂಚದಡಿಯಿಂದ ಹೇಂಟೆಯನ್ನು ಎಳೆದುಕೊಂಡಳು. ಹುಂಜಗಳು ಹಿತ್ತಿಲ ಬಾಗಿಲ ಕಡೆ ಓಡಿದವು. ಹೇಂಟೆಯ ಬೆನ್ನ ಮೇಲೆ ಒಂದು ಪುಕ್ಕವೂ ಉಳಿದಿರಲಿಲ್ಲ. ಬರೀ ಕೆಂಪು ಚರ್ಮ, ಉಗುರಿನ ಗೀರು, ಒಣಗಿದ ರಕ್ತ.

"ಇದು ಇವತ್ತಿಂದಲ್ಲ ಭಾವ," ಎಂದಳು ಆಕೆ. "ಎಷ್ಟು ದಿನದಿಂದ ಹಿಂಗೆ ಕಿತ್ತು ತಿಂತಿದಾವೆ?"

ಡ್ರೈವರು ಹೇಂಟೆಯ ಬೆನ್ನು ನೋಡಿದರು. ಮಂಚದ ಮೇಲಿನ ಮುಖ ನೋಡಲಾಗದೆ ಗೋಡೆಯ ಕಡೆ ತಿರುಗಿದರು.

*

ಅವರ ಹೆಂಡತಿ ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುತ್ತಿದ್ದಳು. ಮಿಷನ್ನು ತುಳಿದು ಕಾಲು ಜೋಮು ಹಿಡಿದಾಗ ಎದ್ದು ಕೋಳಿ ನೋಡಿಕೊಳ್ಳುತ್ತಿದ್ದಳು. ಗಿಡ್ಡ ಕಾಲಿನವು, ಬೋಳು ಕತ್ತಿನವು, ಚುಕ್ಕಿಯವು, ಮುದಿಯವು, ಮೊನ್ನೆ ಮೊನ್ನೆ ಮೊಟ್ಟೆಯೊಡೆದು ಬಂದವು, ಎಲ್ಲ ಒಂದೇ ಹಿತ್ತಿಲಲ್ಲಿ. ನಿವೃತ್ತರಾದ ಮೇಲೆ ಡ್ರೈವರು ಕ್ಷೌರದಂಗಡಿಯ ಬೆಂಚು ಹಿಡಿದರು. ಅಲ್ಲಿ ಕೂತು 'ನನ್ನ ಕೋಳಿ, ನನ್ನ ಹುಂಜ' ಎನ್ನತೊಡಗಿದರು. ಜಂಬಕ್ಕೆ ಸುಂಕವಿಲ್ಲವಲ್ಲ.

ಒಂದು ದಿನ ಅಂಗಡಿಯವನು ತನ್ನ ಮನೆಯ ಎಳೆಯ ಹುಂಜಗಳು ಕಚ್ಚಾಡಿ ಸಾಯುತ್ತಿವೆ ಎಂದು ಗೋಳಿಟ್ಟ. "ಅದಕ್ಕೊಂದು ಗುಟ್ಟಿದೆ, ನಾಳೆ ಹೇಳ್ತೀನಿ," ಎಂದ ಡ್ರೈವರು ಮನೆಗೆ ಬಂದು, ಏನೋ ನೆನಪಾದವರಂತೆ ಹೆಂಡತಿಯನ್ನು ಕೇಳಿದರು. ಅವಳು ತುಳಿಯುವುದನ್ನು ನಿಲ್ಲಿಸದೆಯೇ ಹೇಳಿದಳು:

"ಜುಟ್ಟು ಕೆಂಪೇರ್ತಿದ್ದಂಗೆ ಎಳೇ ಹುಂಜಗಳನ್ನ ಬೇರೆ ಹಾಕ್ಬೇಕು. ಹೇಂಟೆಗಳು ಅವುಗಳ ಕಣ್ಣಿಗೇ ಬೀಳ್ಬಾರ್ದು, ಬಿದ್ರೆ ಜಗಳ. ಹತ್ತು ಹೇಂಟೆಗೆ ಒಂದು ಹುಂಜ ಬೇಕಾದಷ್ಟಾಯ್ತು. ಸಾಧು ಯಾವುದೋ ಅದನ್ನ ಇಟ್ಕೊಂಡು, ಮಿಕ್ಕವನ್ನ ಕೇಳಿದವ್ರಿಗೆ ಕೊಟ್ಬಿಡೋದು."

ಮರುದಿನ ಅದೇ ಮಾತು, ಅದೇ ಕ್ರಮದಲ್ಲಿ, ಬೆಂಚಿನ ಮೇಲಿಂದ ಬಂತು. ಕೆಲವು ದಿನ ಬಿಟ್ಟು ಅಂಗಡಿಯವನು ಮನೆಗೇ ಬಂದ.

"ಅಣ್ಣನ ತಲೆ ಅಂದ್ರೆ ತಲೆ, ಅತ್ತಿಗೆ. ಹೇಳ್ದಂಗೆ ಮಾಡ್ದೆ, ಹಿತ್ತಿಲು ತಣ್ಣಗಾಯ್ತು."

ಡ್ರೈವರ ಕಿವಿ ಬಿಸಿಯಾಯಿತು. ಹೆಂಡತಿ ದಾರವನ್ನು ಹಲ್ಲಿನಿಂದ ಕತ್ತರಿಸಿ, "ಹೂಂ, ಅವರಿಗೆ ಎಲ್ಲಾ ಗೊತ್ತು," ಎಂದಳು. ದನಿಯಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಡ್ರೈವರು ಸಿಟ್ಟಾದರೂ ಮಾಡಿಕೊಳ್ಳಬಹುದಿತ್ತು.

ಆಸ್ಪತ್ರೆ ಸೇರಿದ ಮೇಲೂ ಅವಳಿಗೆ ಅದೇ ಚಿಂತೆ.

"ಈ ಸಲದ ಮರಿಗಳಿಗೆ ಜುಟ್ಟು ಕೆಂಪೇರಿರುತ್ತೆ. ಹುಂಜಗಳನ್ನ ಬೇರೆ ಹಾಕಿದ್ರಾ?"

"ಅದನ್ನೂ ನಂಗೆ ಹೇಳ್ಕೊಡ್ಬೇಕಾ? ಆವತ್ತೇ ಹಾಕ್ದೆ."

"ಎಲ್ಲಿ ಹಾಕಿದ್ರಿ?"

"ಹಿಂದುಗಡೆ."

ಅವಳು ಗಂಡನನ್ನು ಸ್ವಲ್ಪ ಹೊತ್ತು ನೋಡಿದಳು. "ಬಿಳೀದು ಬಡಪಾಯಿ. ಅದಕ್ಕೆ ಓಡೋಕೂ ಬರಲ್ಲ," ಎಂದು ಮಗ್ಗುಲು ಬದಲಿಸಿದಳು. ಆಮೇಲೆ ಅವಳಿಗೆ ಮಾತಾಡುವಷ್ಟು ಉಸಿರು ಉಳಿಯಲಿಲ್ಲ.

*

"ಭಾವ, ಹುಂಜಗಳನ್ನ ಎಲ್ಲಿ ಕೂಡಿಹಾಕ್ಲಿ? ಗಾಡಿ ಬರೋ ಹೊತ್ತಾಯ್ತು."

ಹೇಂಟೆಯನ್ನು ಬುಟ್ಟಿಯಡಿ ಮುಚ್ಚಿಟ್ಟು ಹೆಂಡತಿಯ ತಂಗಿ ಹಿತ್ತಿಲಲ್ಲಿ ನಿಂತಿದ್ದಳು. ಹಿಂದೆಯೇ ಅಂಗಡಿಯವನೂ ಇನ್ನಿಬ್ಬರೂ ಬಂದರು. ಡ್ರೈವರಿಗೆ ತೋಚಿದ್ದು ಒಂದೇ ಮಾತು.

"ಹಿಂದುಗಡೆ."

ಆಕೆ ನೀರಿನ ತೊಟ್ಟಿಯ ಹಿಂದೆ ಹೋದಳು. ಡ್ರೈವರು ಇಣುಕಿದರು. ಅಲ್ಲಿ ಹಳೆಯ ಕಬ್ಬಿಣದ ಮಂಚವೊಂದನ್ನು ಅಡ್ಡ ನಿಲ್ಲಿಸಿ, ಅದೂ ಸೇರಿ ಮೂರು ಕಡೆ ತಂತಿಬಲೆ ಬಿಗಿದಿತ್ತು. ಹೇಂಟೆಗಳ ಕಡೆಗಿದ್ದ ಮಗ್ಗುಲಿಗೆ ಸಮವಸ್ತ್ರದ ನೀಲಿ ಬಟ್ಟೆಯ ತುಂಡುಗಳನ್ನು ಜೋಡಿಸಿ ಹೊಲಿದ ಪರದೆ. ನಾಲ್ಕನೆಯ ಕಡೆ ಮಾತ್ರ ಬಾಯಿ ತೆರೆದಿತ್ತು. ಉಳಿದ ಬಲೆಯ ಸುರುಳಿ ಪಕ್ಕದಲ್ಲೇ ಬಿದ್ದಿತ್ತು. ಡ್ರೈವರು ದಿನಾ ಬಚ್ಚಲಿಗೆ ಹೋಗುವಾಗ ಅದನ್ನು ಸುತ್ತುಹಾಕಿಕೊಂಡೇ ಹೋಗುತ್ತಿದ್ದರು. ಗುಜರಿ ಅಂದುಕೊಂಡಿದ್ದರು.

"ಹಿಡ್ಕೊಳ್ಳಿ," ಎಂದಳು ಆಕೆ. ಡ್ರೈವರು ಬಲೆ ಎಳೆದು ಹಿಡಿದರು, ಆಕೆ ತಂತಿ ತಿರುಚಿದಳು. ಆಮೇಲೆ ಒಂದೊಂದೇ ಹುಂಜವನ್ನು ಮೂಲೆಗೆ ಒತ್ತರಿಸಿ, ರೆಕ್ಕೆ ಸಮೇತ ಅಪ್ಪಿ ಹಿಡಿದು ತಂದು ಒಳಗೆ ಬಿಟ್ಟಳು. ಕೊನೆಯದೊಂದನ್ನು ಡ್ರೈವರ ಕೈಗೆ ಕೊಟ್ಟಳು. ಅದು ಕೊಸರಾಡಿ ಅವರ ಹೆಗಲ ಮೇಲೆಲ್ಲ ಹೊಲಸು ಮಾಡಿತು. ಪರದೆ ಇಳಿಬಿಟ್ಟದ್ದೇ ಸರಿ, ಒಳಗಿನ ಗದ್ದಲ ಅಡಗಿತು.

"ನೋಡಿ," ಎಂದ ಅಂಗಡಿಯವನು ಜೊತೆಯವರಿಗೆ. "ಹೆಂಡತಿ ಆಸ್ಪತ್ರೇಲಿದ್ರೂ ಡ್ರೈವರಣ್ಣ ಎಲ್ಲಾ ತಯಾರಿ ಮಾಡಿಟ್ಟಿದಾರೆ."

ಹೆಂಡತಿಯ ತಂಗಿ ತಲೆಯೆತ್ತಿ ಭಾವನನ್ನು ನೋಡಿದಳು.

"ಇದನ್ನ ಕಟ್ಟಿದ್ದು ನನ್ನ ಹೆಂಡ್ತಿ," ಎಂದರು ಡ್ರೈವರು. ದನಿ ತಮಗೇ ಅಪರಿಚಿತವೆನಿಸಿತು. "ನಿಂಗೆ ಆವತ್ತು ಹೇಳಿದ್ದೂ ಅವಳ್ದೇ ಮಾತು. ನಂಗೆ ಕೋಳಿ ವಿಷಯ ಏನೇನೂ ಗೊತ್ತಿಲ್ಲಪ್ಪ."

ಅಂಗಡಿಯವನ ಕಣ್ಣು ತುಂಬಿ ಬಂತು. ಡ್ರೈವರ ತೋಳು ಹಿಡಿದುಕೊಂಡ.

"ಹಂಗೇ ಅನ್ಸುತ್ತೆ ಅಣ್ಣ, ಹೋದವ್ರದ್ದೇ ಎಲ್ಲಾ ಅನ್ಸುತ್ತೆ. ನಮ್ಮಪ್ಪ ಹೋದಾಗ ನಂಗೂ ಹಂಗೇ ಆಗಿತ್ತು." ಜೊತೆಯವರ ಕಡೆ ತಿರುಗಿದ. "ಕೇಳಿದ್ರಾ? ತಾನು ಮಾಡಿದ್ದನ್ನೂ ಹೆಂಡತಿ ಹೆಸರಿಗೆ ಬರೀತಾರೆ. ಇಂಥ ಮನಸ್ಸು ಎಷ್ಟು ಜನಕ್ಕಿರುತ್ತೆ?"

ಅವರಿಬ್ಬರೂ ತಲೆದೂಗಿದರು. ಇನ್ನೊಮ್ಮೆ ಹೇಳಿದರೆ ಡ್ರೈವರು ಅವರ ಕಣ್ಣಲ್ಲಿ ಇನ್ನಷ್ಟು ದೊಡ್ಡವರಾಗುತ್ತಿದ್ದರು, ಅಷ್ಟೇ.

ಬೀದಿಯಲ್ಲಿ ಗಾಡಿಯ ಹಾರನ್ನು ಕೇಳಿಸಿತು. ಒಳಗೆ ಶವವನ್ನು ಹಲಗೆಯ ಮೇಲಿಟ್ಟಿದ್ದರು. ಗಂಡಸರು ಮೂರು ಮೂಲೆ ಹಿಡಿದು, ತಲೆಯ ಕಡೆಯ ಬಲಮೂಲೆಯನ್ನು ಡ್ರೈವರಿಗೆಂದು ಬಿಟ್ಟು ನಿಂತಿದ್ದರು. ಡ್ರೈವರು ಹೆಗಲು ಕೊಡಲು ಬಗ್ಗಿದಾಗ ಹೆಂಡತಿಯ ತಂಗಿ, "ಒಂದು ನಿಮಿಷ ಭಾವ," ಎಂದಳು. ಒದ್ದೆ ಬಟ್ಟೆಯ ತುಂಡೊಂದನ್ನು ತಂದು, ಅವರ ಅಂಗಿಯ ಹೆಗಲ ಮೇಲಿನ ಹೊಲಸನ್ನು, ಶಾಲೆಗೆ ಹೊರಟ ಮಗುವಿಗೆ ಒರೆಸುವಂತೆ, ಮೆಲ್ಲಗೆ ಒರೆಸತೊಡಗಿದಳು. ಮೂವರು ಗಂಡಸರು ಭಾರ ಹೊತ್ತು ಕಾಯುತ್ತಿದ್ದರು. ಡ್ರೈವರು ತಲೆ ತಗ್ಗಿಸಿ, ಅವಳು ಒರೆಸಿ ಮುಗಿಸುವವರೆಗೂ ನಿಂತೇ ಇದ್ದರು.